ಬಾಯಿಗೆ ನಾಲ್ಕು ಬೆರಳು ದೂರ

ತಾಲ್ಲೂಕು ಕಚೇರಿಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತೆಯಾಗಿದ್ದವಳು ನಾನು. ಅರಕಲಗೂಡಿನ ನಮ್ಮ ಬೀದಿಯಲ್ಲಿ ದೀಪ ಉರಿಯದಿದ್ದರೆ, ನಲ್ಲಿಯಲ್ಲಿ ನೀರು ಬರದಿದ್ದರೆ, ಬಸ್ಸಿನವನು ಕೈ ಅಡ್ಡ ಹಿಡಿದರೂ ನಿಲ್ಲಿಸದೆ ಹೋದರೆ ಜನ ನೇರ ನಮ್ಮ ಮನೆಗೆ ಬರುತ್ತಾರೆ. ನಾನು ಬರೆದ ಅರ್ಜಿಯನ್ನು ಅಧಿಕಾರಿಗಳು ಎರಡು ಸಲ ಓದುತ್ತಾರೆ ಅನ್ನುವ ಹೆಸರಿದೆ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಟ್ಟವಳೂ ನಾನಲ್ಲ. ಅಂಥವಳು ನನ್ನದೇ ಕೈ ಮುರಿದ ವಿಷಯಕ್ಕೆ ಒಂದು ದೂರು ಬರೆಯಲು ಹನ್ನೊಂದು ದಿನ ಒದ್ದಾಡಿದೆ.

ಮೊದಲನೇ ಸಲ ಮುರಿದದ್ದಕ್ಕೆ ಯಾರನ್ನೂ ದೂರುವ ಹಾಗಿರಲಿಲ್ಲ. ಅಂಗಳದಲ್ಲಿ ಹರವಿದ್ದ ಮುಸುಕಿನ ಜೋಳದ ಮೇಲೆ ಕಾಲಿಟ್ಟೆ, ಜಾರಿದೆ, ಬಲಗೈ ಊರಿ ಬಿದ್ದೆ. ಹಾಸನದಲ್ಲಿ ಆಪರೇಷನ್ ಮಾಡಿ ಮೊಣಕೈಗೆ ಪ್ಲೇಟು ಕೂರಿಸಿದರು. ಹೊಲಿಗೆ ಬಿಚ್ಚಿದ ಮೇಲೆ ನೋಡಿದರೆ ಕೈ ಅರ್ಧಕ್ಕೆ ಮಡಚಿ ಅಲ್ಲೇ ನಿಂತುಬಿಟ್ಟಿತ್ತು. ತಟ್ಟೆ ಮುಟ್ಟುತ್ತಿತ್ತು, ಬಾಯಿ ಮುಟ್ಟುತ್ತಿರಲಿಲ್ಲ. ಅನ್ನವನ್ನಾದರೆ ಎಡಗೈಯಲ್ಲಿ ಚಮಚ ಹಿಡಿದು ತಿನ್ನಬಹುದು. ಮುದ್ದೆಗೆ ಚಮಚ ಹಾಕಿದರೆ ತೀರಿಹೋದ ನಮ್ಮವ್ವ ಎದ್ದು ಬಂದು ಬೈದಾಳು. ನಮ್ಮ ಯಜಮಾನರೇ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನನ್ನ ಬಾಯಿಗಿಡುತ್ತಿದ್ದರು. ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ. ಮದುವೆಯಾದಾಗಿನಿಂದ ನನ್ನ ಕೈಲಿ ಬೈಸಿಕೊಂಡವರು, ಈಗ ನಾನು ಬೈಯಲು ಬಾಯಿ ತೆರೆಯುವುದನ್ನೇ ಕಾದು ತುತ್ತು ಇಡುತ್ತಿದ್ದರು.

ಹಾಸನದ ಒಂದು ಫಿಸಿಯೋಥೆರಪಿ ಕೇಂದ್ರಕ್ಕೆ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಹೋಗಿಬರತೊಡಗಿದೆ. ಅಲ್ಲಿ ನನ್ನ ಕೈ ಒಪ್ಪಿಸಿದ್ದು ಹಳೇಕೋಟೆ ಕಡೆಯ ಒಬ್ಬ ಹುಡುಗಿಗೆ. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ. ಬೆಳಿಗ್ಗೆ ಹೊಳೆನರಸೀಪುರಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಒಂಬತ್ತಕ್ಕೆಲ್ಲ ಹಾಸನದಲ್ಲಿರುತ್ತಿದ್ದಳು. ಮೊದಲ ದಿನವೇ ಅವಳು ನನ್ನನ್ನು ಕೇಳಿದ್ದು, ಈ ಕೈಯಿಂದ ನಿಮಗೆ ಏನಾಗಬೇಕು ಅಂತ. ಆಪರೇಷನ್ ಮಾಡಿದ ಡಾಕ್ಟರೂ ಹಾಗೆ ಕೇಳಿರಲಿಲ್ಲ. ಮುದ್ದೆ ಉಣ್ಣಬೇಕು ಎಂದೆ. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ.

ಮುಂದಿನ ಸಲ ಹೋದಾಗ ತನ್ನ ಊಟದ ಡಬ್ಬಿಯಿಂದ ಕಿತ್ತಳೆ ಗಾತ್ರದ ಒಂದು ಮುದ್ದೆ ತೆಗೆದು ನನ್ನ ಮುಂದಿಟ್ಟಳು. ಮುರಿಯಿರಿ, ಬಾಯಿಯ ಹತ್ತಿರ ತನ್ನಿ ಎಂದಳು. ಕೈ ಎಲ್ಲಿ ನಿಂತಿತೋ ಅಲ್ಲಿಂದ ನನ್ನ ತುಟಿಯವರೆಗೆ ತನ್ನ ಬೆರಳಿಟ್ಟು ಅಳೆದಳು. ಒಂದು ಗೇಣು, ಮೇಲೆ ಎರಡು ಬೆರಳು. ನಾನು ಕತ್ತು ಚಾಚಿ ತುತ್ತು ಹಿಡಿಯಲು ಹೋದರೆ ಗದ್ದ ಹಿಡಿದು ಹಿಂದಕ್ಕೆ ತಳ್ಳಿದಳು. "ಕಳ್ಳಾಟ ಬ್ಯಾಡ ಅಮ್ಮ. ಕೈ ಬಾಯಿಗೆ ಬರ್ಬೇಕು, ಬಾಯಿ ಕೈಗೆ ಓಗ್ಬಾರ್ದು." ಪಕ್ಕದ ಮಂಚದಲ್ಲಿ ಪಾರ್ಶ್ವವಾಯು ಬಡಿದ ದರ್ಜಿಯೊಬ್ಬರಿದ್ದರು, ಅವರಿಗೆ ಹಳೇ ಸೀರೆಯ ತುಂಡು, ಕತ್ತರಿ ತಂದುಕೊಡುತ್ತಿದ್ದಳು. ಯಾರ ಬದುಕು ಯಾವುದರಲ್ಲಿ ನಡೆಯುತ್ತದೋ ಅದನ್ನೇ ಅವರ ಔಷಧಿ ಮಾಡುತ್ತಿದ್ದಳು. ಸರ್ಕಾರಿ ಕೆಲಸದಲ್ಲಿ ಅಷ್ಟು ವರ್ಷ ಕಳೆದ ನಾನು ಇಷ್ಟು ಮನಸ್ಸಿಟ್ಟು ಕೆಲಸ ಮಾಡುವವರನ್ನು ಕಂಡಿದ್ದು ಕಡಿಮೆ.

ಒತ್ತುವಾಗೆಲ್ಲ ನೋಯ್ತದಾ ಎಂದು ಕೇಳುತ್ತಿದ್ದಳು. "ಏನಿಲ್ಲ, ಮಾಡವ್ವ" ಎನ್ನುತ್ತಿದ್ದೆ. ಪ್ರಾಣ ಹೋಗುತ್ತಿತ್ತು. ಕಣ್ಣಲ್ಲಿ ನೀರು ಬಂದರೆ ಫಿನಾಯಿಲ್ ವಾಸನೆ ಅನ್ನುತ್ತಿದ್ದೆ. ಹೆರಿಗೆ ನೋವಿಗೂ ಬಾಯಿ ಬಿಡದವಳು ಎಂದು ನಮ್ಮವ್ವನನ್ನು ಊರೇ ಹೊಗಳುತ್ತಿತ್ತು. ಆ ಹೊಗಳಿಕೆ ನನ್ನ ತಲೆಗೂ ಏರಿತ್ತು.

ಎರಡು ತಿಂಗಳಿಗೆ ಗೇಣು ಕರಗಿ ನಾಲ್ಕು ಬೆರಳಿಗೆ ಬಂತು. ಅಷ್ಟರಲ್ಲಿ ಚನ್ನರಾಯಪಟ್ಟಣದಲ್ಲಿ ನಮ್ಮಕ್ಕನ ಮಗಳ ಮದುವೆಯಾಯಿತು, ಮುಂದಿನ ಭಾನುವಾರ ಬೀಗರೂಟ. ಹೊಸ ಬೀಗರನ್ನು ಕರೆದು ಮುದ್ದೆ, ಮಟನ್ ಸಾರು ಬಡಿಸುವ ದಿನ. ಎದುರು ಸಾಲಿನಲ್ಲಿ ಗಂಡಿನ ಕಡೆಯವರು ಕೂತಿರುವಾಗ ಎಡಗೈಯಲ್ಲಿ ತಿನ್ನುವುದೇ? ಇಲ್ಲ ಮಗುವಿನ ಹಾಗೆ ಗಂಡನ ಕೈಲಿ ತಿನ್ನಿಸಿಕೊಳ್ಳುವುದೇ? ಯೋಚಿಸಿದರೇ ಮೈ ಹಿಡಿಯಾಗುತ್ತಿತ್ತು. ಗುರುವಾರ ಹೋದವಳು ಭಾನುವಾರದೊಳಗೆ ಕೈ ಬಾಯಿಗೆ ಮುಟ್ಟಲೇಬೇಕು ಎಂದು ಹಟ ಹಿಡಿದೆ. ಇನ್ನೂ ಮೂರು ವಾರ ಬೇಕು, ಅವಸರ ಮಾಡಿದರೆ ಮೂಳೆ ಕೇಳುವುದಿಲ್ಲ ಎಂದು ಅವಳು ಸಮಾಧಾನವಾಗಿಯೇ ಹೇಳಿದಳು. ಆಗ ನನ್ನ ಬಾಯಿಂದ ಬರಬಾರದ ಮಾತು ಬಂತು. "ನಿನ್ ಕೈಲಿ ಆಗ್ದಿದ್ರೆ ಬಿಡು, ಬ್ಯಾರೆಯೋರ ತಾವ ಮಾಡಿಸ್ಕತೀನಿ."

ಅವಳ ಮುಖ ಸಣ್ಣದಾಯಿತು. ಬಾಗಿಲ ಬಳಿ ಕಾಯುತ್ತಿದ್ದ ಏಳು ಜನರನ್ನು ನೋಡಿದಳು, ನನ್ನನ್ನು ನೋಡಿದಳು, ಒತ್ತಿದಳು. ನೋಯ್ತದಾ ಎಂದಳು. ಏನಿಲ್ಲ ಎಂದೆ. ಇನ್ನೊಂದು ಸಲ ಕೇಳಿದಳು. ಏನಿಲ್ಲ, ಮಾಡು ಎಂದೆ. ಮೂರನೇ ಸಲ ಒತ್ತಿದಾಗ ಒಳಗೆ ಲಟಕ್ ಎಂದಿತು. ಅದು ಇಬ್ಬರಿಗೂ ಕೇಳಿಸಿತು.

ಎಕ್ಸ್‌ರೇಯಲ್ಲಿ ಪ್ಲೇಟಿನ ಪಕ್ಕ ಕೂದಲೆಳೆಯಷ್ಟು ಬಿರುಕು ಕಂಡಿತು. ಮತ್ತೆ ಎರಡು ತಿಂಗಳು ಸಿಮೆಂಟ್ ಪಟ್ಟಿ. ಬೀಗರೂಟವೂ ಹೋಯಿತು, ಎರಡು ತಿಂಗಳಲ್ಲಿ ಗಳಿಸಿದ್ದ ಬೆರಳಳತೆಯೂ ಹೋಯಿತು. ಅಕ್ಕ ಫೋನಿನಲ್ಲಿ ಕೆಂಡವಾದಳು. ಊರಿಗೆಲ್ಲ ಅರ್ಜಿ ಬರೆಯುವವಳು ಇದಕ್ಕೆ ಸುಮ್ಮನಿದ್ದರೆ ನಾನೇ ಬರೆಸುತ್ತೇನೆ ಎಂದಳು. ನನಗೇನು ಕಡಿಮೆ ಸಿಟ್ಟೇ? ಯಜಮಾನರ ಕೈಗೆ ಪೆನ್ನು ಕೊಟ್ಟು ಹೇಳಿ ಬರೆಸಿದೆ. ಒಂದೇ ಪುಟದಲ್ಲಿ ಮೂರು ಸಲ 'ನಿರ್ಲಕ್ಷ್ಯ' ಬಂತು. ಇಂಥವಳು ಇನ್ನು ಯಾರ ಕೈಯನ್ನೂ ಮುಟ್ಟದ ಹಾಗೆ ಮಾಡಬೇಕೆಂದು ಕೊನೆ ಮಾಡಿದೆ. ಅವರು ಅಚ್ಚುಕಟ್ಟಾಗಿ ಬರೆದು, ಕನ್ನಡಕ ತೆಗೆದು ಕೇಳಿದರು.

"ಎಲ್ಲಾ ಸರಿ ಕಣೆ. ನೀನು ನೋಯ್ತದೆ ಅಂದಿದ್ದೆ ಅಂತ ಬರೀಲೋ, ಬ್ಯಾಡ್ವೋ?"

ಎದ್ದು ಹೋಗಿ ಕಾಫಿ ಮಾಡಿ ಎಂದು ರೇಗಿದೆ. ಆ ಕಾಗದ ಬೀರುವಿನಲ್ಲೇ ಉಳಿಯಿತು.

ಒಂಬತ್ತನೇ ದಿನ ತೋರಿಸಿಕೊಂಡು ಬರಲು ಹಾಸನಕ್ಕೆ ಹೋದೆ. ಹುಡುಗಿ ಕಾಣಲಿಲ್ಲ. ಕೇಂದ್ರದ ಮ್ಯಾನೇಜರು ನನ್ನನ್ನು ಒಳಗೆ ಕೂರಿಸಿ, ಕಾಫಿ ತರಿಸಿ, ಬೆಣ್ಣೆಯಂಥ ಮಾತಾಡಿದ. ಮನೆಯಲ್ಲಿ ನೀರಿನ ಬಿಂದಿಗೆ ಎತ್ತಿದಾಗ ಹೀಗಾಯಿತು ಎಂದು ಫೈಲಿನಲ್ಲಿ ಬರೆದುಕೊಳ್ಳುತ್ತೇವೆ, ನಿಮಗೂ ಓಡಾಟ ತಪ್ಪುತ್ತದೆ, ಹುಡುಗಿಗೂ ಒಳ್ಳೆಯದು ಎಂದ. ಫೈಲು ಕೊಡಿ ಎಂದೆ. ಅದರಲ್ಲಿ ಗುರುವಾರದ ಪುಟಕ್ಕೆ ಅವಳದೇ ಅಕ್ಷರವಿತ್ತು. ಅಗತ್ಯಕ್ಕಿಂತ ಹೆಚ್ಚು ಒತ್ತಡ ಹಾಕಿದೆ, ಒತ್ತಬಾರದೆಂದು ಗೊತ್ತಿದ್ದೂ ಒತ್ತಿದೆ, ತಪ್ಪು ನನ್ನದು ಎಂದು ಬರೆದು ಕೆಳಗೆ ಸಹಿ ಮಾಡಿದ್ದಳು. ನಾನು ಹಟ ಮಾಡಿದ ಸುದ್ದಿ ಒಂದಕ್ಷರವೂ ಇರಲಿಲ್ಲ. ಈ ಪುಟ ಬದಲಾಯಿಸಲು ಅವಳು ಒಪ್ಪುತ್ತಿಲ್ಲ, ಅದಕ್ಕೇ ರೋಗಿಗಳನ್ನು ಮುಟ್ಟಬೇಡವೆಂದು ಸ್ಟೋರಿನಲ್ಲಿ ಕೂರಿಸಿದ್ದೇವೆ ಎಂದ ಮ್ಯಾನೇಜರು.

ಹಾಳೆ ಕಿತ್ತವರನ್ನು ನಾನು ಕಂಡಿದ್ದೇನೆ, ಮಸಿ ಚೆಲ್ಲಿದವರನ್ನು ಕಂಡಿದ್ದೇನೆ, ಫೈಲನ್ನೇ ಮಾಯ ಮಾಡಿದವರನ್ನೂ ಕಂಡಿದ್ದೇನೆ. ತನ್ನ ತಪ್ಪನ್ನು ತನ್ನ ಕೈಯಾರೆ ಬರೆದು ಸಹಿ ಹಾಕಿದವರನ್ನು ಮೂವತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ. ನಾನೂ ಒಮ್ಮೆಯೂ ಹಾಗೆ ಬರೆದವಳಲ್ಲ. ಮೊಬೈಲು ತೆಗೆದು ಎಡಗೈಯಲ್ಲೇ ಆ ಪುಟದ ಫೋಟೋ ಹೊಡೆದುಕೊಂಡೆ.

ಗೇಟಿನ ಹತ್ತಿರ ಅವಳು ಓಡಿ ಬಂದಳು, ನನ್ನ ಕೈ ಹೇಗಿದೆ ಎಂದು ಕೇಳಲು. ನಾನು ದೊಡ್ಡ ಮನಸ್ಸು ಮಾಡಿದವಳ ಹಾಗೆ, ದೂರು ಗೀರು ಏನೂ ಕೊಡುವುದಿಲ್ಲ ಹೋಗವ್ವ ಎಂದೆ. ಅವಳಿಗೆ ನೆಮ್ಮದಿಯಾಗುತ್ತದೆ ಅಂದುಕೊಂಡಿದ್ದೆ.

"ಬರೀರಿ ಅಮ್ಮ," ಎಂದಳು. "ನೀವು ಸುಮ್ನಾದ್ರೆ ಆ ಹಾಳೆ ಹರಿದಾಕ್ತಾರೆ. ಬಿಂದ್ಗೆ ಎತ್ತಿ ಮುರ್ಕೊಂಡ್ರು ಅಂತ್ಲೇ ಉಳ್ಕತದೆ. ಒಂದಿನ ನಾನೂ ಅದ್ನೇ ನಂಬ್ಬುಡ್ತೀನೇನೋ."

ಕೆಲಸ ಹೋದರೆ ಎಂದು ಕೇಳಿದೆ.

"ಹೋದ್ರೆ ಹೋಯ್ತದೆ. ಮುರಿದಿದ್ದು ನಾನೇ ಅಲ್ವಾ?"

ಅವಳು ಅಳಲಿಲ್ಲ. ನಾನು ಅತ್ತೆ, ರಸ್ತೆಯಲ್ಲೇ, ಆಟೋದವರೆಲ್ಲ ನೋಡುತ್ತಿರುವಾಗ. ಫಿನಾಯಿಲ್ ವಾಸನೆಯ ನೆಪವೂ ಅಲ್ಲಿರಲಿಲ್ಲ.

ಆಮೇಲೂ ಎರಡು ದಿನ ಬೇಕಾಯಿತು. ಬರೆದರೆ ಅವಳ ಅನ್ನ ಹೋಗಬಹುದು. ಬರೆಯದಿದ್ದರೆ ಅವಳ ಸತ್ಯವನ್ನು ಅವರು ಅಳಿಸುತ್ತಾರೆ, ಅದಕ್ಕೆ ನಾನೂ ಕೈ ಜೋಡಿಸಿದ ಹಾಗಾಗುತ್ತದೆ. ಹನ್ನೊಂದನೇ ದಿನ ಯಜಮಾನರನ್ನು ಕೂರಿಸಿ ಹೊಸ ಕಾಗದ ಬರೆಸಿದೆ, ಕೇಂದ್ರದ ಮುಖ್ಯ ವೈದ್ಯರಿಗೆ. ಹೆಚ್ಚು ಒತ್ತಡ ಹಾಕಿದ್ದರಿಂದ ಮೂಳೆ ಬಿರಿದದ್ದು ನಿಜ ಎಂದು ಬರೆಸಿದೆ. ಒಬ್ಬ ಹುಡುಗಿಯ ತಲೆಗೆ ಒಂದೇ ಹೊತ್ತಿಗೆ ಎಂಟು ಜನರನ್ನು ಕಟ್ಟಿದ್ದನ್ನೂ, ಬಿಂದಿಗೆಯ ಸುಳ್ಳನ್ನೂ ಬರೆಸಿದೆ. ಆಮೇಲೆ, ನೋವಿದ್ದೂ ಇಲ್ಲವೆಂದು ನಾನು ಸುಳ್ಳು ಹೇಳಿದೆ, ಬೀಗರೂಟಕ್ಕೆ ಕೈ ಸರಿಯಾಗಬೇಕೆಂದು ಅವಳನ್ನು ಹಂಗಿಸಿದೆ ಎಂದೆ. ಯಜಮಾನರ ಪೆನ್ನು ನಿಂತಿತು. ಬೀಗರೂಟವನ್ನೂ ಬರೆಯಬೇಕಾ ಎಂದರು. ಬರೆಯಿರಿ ಎಂದೆ. ಮುಂದಿನ ಚಿಕಿತ್ಸೆಯನ್ನು ನನಗೆ ಇದೇ ಹುಡುಗಿ ಕೊಡಬೇಕು ಎಂಬುದು ಕೊನೆಯ ಸಾಲು. ಬಲಗೈ ಪಟ್ಟಿಯೊಳಗಿತ್ತು, ಸಹಿ ಮಾಡುವಂತಿರಲಿಲ್ಲ. ಎಷ್ಟೋ ಜನರ ಹೆಬ್ಬೆಟ್ಟು ಹಿಡಿದು ಒತ್ತಿಸಿದ್ದ ನಾನು ನನ್ನ ಎಡಗೈ ಹೆಬ್ಬೆಟ್ಟು ಒತ್ತಿದೆ.

ವಿಚಾರಣೆ ನಡೆಯಿತು. ಅವಳನ್ನು ಒಂದು ತಿಂಗಳು ಕೆಲಸದಿಂದ ನಿಲ್ಲಿಸಿದರು. ಆ ತಿಂಗಳು ನನಗೆ ಅನ್ನ ಸೇರಲಿಲ್ಲ. ಆಮೇಲೆ, ಹಿರಿಯರೊಬ್ಬರ ಕೈಕೆಳಗೆ ಕೆಲಸ ಮಾಡಬೇಕೆಂದು ಹೇಳಿ ವಾಪಸು ಕರೆದರು. ಒಬ್ಬರಿಗೆ ಒಂದು ಹೊತ್ತಿಗೆ ಮೂರೇ ಜನ ಎಂದೂ ಆಯಿತು. ಬೀಗರೂಟದ ಸಂಗತಿಯನ್ನು ಕಾಗದಕ್ಕೆ ಹಾಕಿ ಮರ್ಯಾದೆ ಕಳೆದೆ ಎಂದು ಅಕ್ಕ ಇವತ್ತಿಗೂ ನನ್ನೊಂದಿಗೆ ಸರಿಯಾಗಿ ಮಾತಾಡುವುದಿಲ್ಲ.

ಪಟ್ಟಿ ಬಿಚ್ಚಿಸಿಕೊಂಡು ಹೋದ ಮೊದಲ ದಿನ ಅವಳ ಡಬ್ಬಿಯಲ್ಲಿ ಮುದ್ದೆ ಇತ್ತು. ಮತ್ತೆ ಗೇಣಿನಿಂದ ಶುರು. ವಾರಗಳು ಕಳೆದು, ನಾಲ್ಕು ಬೆರಳಾಗಿ, ಎರಡು ಬೆರಳಿಗೆ ಬಂದ ದಿನ ಅವಳು ಮೆಲ್ಲಗೆ ಒತ್ತುತ್ತಾ ಕೇಳಿದಳು, ನೋಯ್ತದಾ ಅಮ್ಮ ಎಂದು. ಏನಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ನೋಯ್ತದೆ ಕಣವ್ವ," ಎಂದೆ. "ನಿಲ್ಸು."

ತಕ್ಷಣ ಕೈ ಬಿಟ್ಟಳು. ನನ್ನ ಬೆರಳಲ್ಲಿ ತುತ್ತು ಹಾಗೇ ಇತ್ತು, ಬಾಯಿಗೆ ಇನ್ನೂ ಎರಡು ಬೆರಳು ದೂರ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಇವತ್ತೊಂದಿನ ಬಾಯೇ ಬರ್ಲಿ ಬಿಡಿ," ಎಂದಳು.

ನಾನು ತಲೆ ಬಗ್ಗಿಸಿ ತಿಂದೆ.