ಬಾವಿ ಇಪ್ಪತ್ತೇಳು

ಫೆಬ್ರವರಿ 11, ಭಾನುವಾರ. ಬೆಳಿಗ್ಗೆ 6.20ಕ್ಕೆ ಬರೆಯಲು ಕೂತೆ.

ಕಳೆದ ತಿಂಗಳು ಕಚೇರಿಯ ವೆಬ್‌ಸೈಟಿಗೆ ನಮ್ಮೆಲ್ಲರ ಪರಿಚಯ ಬೇಕಾಗಿತ್ತು. ಅರ್ಧ ಪುಟ ವೃತ್ತಿ, ಎರಡು ಸಾಲು ಹವ್ಯಾಸ. ವೃತ್ತಿಯ ಭಾಗ ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಧಾರವಾಡದಿಂದ ಬಂದ ಮನೆತನ, ಪುಣೆಯಲ್ಲೇ ಕಾನೂನು ಓದು, ವಕೀಲಿಯಲ್ಲಿ ನಾಲ್ಕು ವರ್ಷ. ಹೊಲವೊಂದು ಕಟ್ಟಡದ ನಿವೇಶನವಾಗುವ ಮುಂಚೆ ಅದರ ಹಳೆಯ ಕಾಗದಗಳನ್ನು ಓದಿ, ಯಾರ ಹಕ್ಕು ಎಲ್ಲಿದೆ ಎಂದು ವರದಿ ಬರೆಯುತ್ತೇನೆ. ಇದುವರೆಗೆ 112 ವರದಿ.

ಹವ್ಯಾಸ: ಭಾನುವಾರ ಊರಂಚಿನ ತೆರೆದ ಬಾವಿಗಳನ್ನು ಎಣಿಸುವುದು. ನೋಟುಬುಕ್ಕಿನಲ್ಲಿ ಮೂರೇ ಕಾಲಂ: ನೀರಿದೆ, ಒಣಗಿದೆ, ಮುಚ್ಚಿದೆ. ಫೋಟೊ ತೆಗೆಯುವುದಿಲ್ಲ. ಜನವರಿ ಕೊನೆಗೆ 38, 16, 9. ಒಟ್ಟು 63.

ಬೆಳಗಾವಿಯವರಾದ ನಮ್ಮ ಹಿರಿಯ ವಕೀಲರು ಇದನ್ನು ಓದಿ ಕನ್ನಡಕ ತೆಗೆದಿಟ್ಟರು.

"ಅಲ್ಲವಾ, ಮಂದಿ ಗುಡ್ಡ ಹತ್ತೀವಿ ಅಂತಾರ, ಸಿತಾರ ಬಾರಸ್ತೀವಿ ಅಂತಾರ. ನೀ ಬಾವಿ ಎಣಸ್ತೀನಿ ಅಂದ್ರ ಕಕ್ಷಿದಾರ ಬಾಗಲದಾಗಿಂದನ ಹೊಳ್ಳಿ ಹೋಗ್ತಾನ."

"ಖರೇನ ಅದನ್ನ ಮಾಡ್ತೀನ್ರಿ ಸರ್."

"ಖರೇ ಯಾರು ಕೇಳ್ಯಾರ? ಹವ್ಯಾಸ ಕೇಳ್ಯಾರ."

ಪುಣೆಯ ಅಂಚಿನ ಖರಾಡಿಯಾಚೆಯ ಒಂದು ಬಾವಿ ನನ್ನ ಲೆಕ್ಕದಲ್ಲಿ 27. ಮೂರು ಭಾನುವಾರ ಅಲ್ಲಿಗೆ ಹೋಗಿದ್ದೆ. ಮೊದಲ ಸಲ ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ, ಮೆಂತ್ಯದ ಮಡಿಗೆ ಕೊಡದಿಂದ ನೀರು ಹಾಕುತ್ತಿದ್ದ ಹಿರಿಯ ಹೆಂಗಸೊಬ್ಬರು ತಲೆ ಎತ್ತಿದರು.

"ಕನ್ನಡದಾಕಿ ಏನವಾ? ನನ್ನ ತವರ ಅಕ್ಕಲಕೋಟ ಕಡೆ."

ಮದುವೆಯಾಗಿ ಇಲ್ಲಿಗೆ ಬಂದವರು, ಗಂಡ ಇಲ್ಲ. ಮೂರು ಗುಂಟೆ ಸ್ವಂತದ್ದು, ಅದರ ಸೊಪ್ಪೇ ಜೀವನ. ಬಾವಿ ಇದ್ದದ್ದು ಪಕ್ಕದವರ ಹೊಲದಲ್ಲಿ. ಗುರುವಾರ ಮತ್ತು ಭಾನುವಾರ ನೀರು ಸೇದುವ ಪಾಳಿ ಇವರದು, ಅತ್ತೆಯ ಕಾಲದಿಂದ. ಕಾಗದದಲ್ಲಿ ಇರಲಿಲ್ಲ, ಸುತ್ತಲಿನವರಿಗೆಲ್ಲ ಗೊತ್ತಿತ್ತು.

ಡಿಸೆಂಬರಿನಲ್ಲಿ ಆ ಪಕ್ಕದ ಹೊಲದ ಕಡತ ನನ್ನ ಮೇಜಿಗೆ ಬಂತು. ಸರ್ವೆ ನಂಬರಿನಿಂದ ಅದು ಯಾವ ಹೊಲ ಎಂದು ನನಗೆ ಹೊಳೆಯಲಿಲ್ಲ. ನಮ್ಮ ಕಡೆಯ ಪಹಣಿಯನ್ನು ಇಲ್ಲಿ ಸಾತ್‌ಬಾರಾ ಎನ್ನುತ್ತಾರೆ. ಅದರಲ್ಲಿ ಇತರ ಹಕ್ಕುಗಳ ಕಾಲಂ ಖಾಲಿ ಇತ್ತು. ಬಾವಿ ಇಲ್ಲ, ನೀರಿನ ಹಕ್ಕು ಯಾರಿಗೂ ಇಲ್ಲ ಎಂದು ಬರೆದು ಸಹಿ ಹಾಕಿದೆ. ನನ್ನ ನೋಟುಬುಕ್ಕಿನಲ್ಲಿ ಸರ್ವೆ ನಂಬರಿಗೆ ಕಾಲಂ ಇಲ್ಲ. ನನ್ನ ವರದಿಯಲ್ಲಿ ಸ್ಥಳ ನೋಡಿ ಬಂದದ್ದಕ್ಕೆ ಕಾಲಂ ಇಲ್ಲ.

ಕಳೆದ ಭಾನುವಾರ ಹೋದಾಗ ಬಾವಿಗೆ ಗರಸುಮಣ್ಣು ತುಂಬಿ ಮೇಲೆ ರೋಲರ್ ಓಡಿಸಿದ್ದರು. ಪಕ್ಕದಲ್ಲಿ ನೆಟ್ಟ ಫಲಕದಲ್ಲಿ ನಾನು ಡಿಸೆಂಬರಿನಲ್ಲಿ ವರದಿ ಬರೆದ ಸರ್ವೆ ನಂಬರು ಇತ್ತು. ಮೆಂತ್ಯ ಹಳದಿಯಾಗಿತ್ತು. ಆಕೆ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದರು.

"ಬಾವಿ ಇರಲೇ ಇಲ್ಲಂತ ಯಾರೋ ವಕೀಲ ಬರದು ಕೊಟ್ಟಾನಂತ. ಇಷ್ಟ ವರ್ಷ ನಾ ಏನ್ ಗಾಳಿ ಸೇದೇನಿ?"

"ಬರದಾಕಿ ನಾನ ರೀ," ಎಂದೆ.

ಆಕೆ ಬಕೆಟ್ಟಿನಿಂದ ಎದ್ದರು. "ನೀನೂ ನೀರು ಕುಡದಿದ್ದೆಲ್ಲವಾ."

ಕುಡಿದಿದ್ದೆ. ಎರಡು ಸಲ. ಅದನ್ನು ಬರೆದಿಟ್ಟಿರಲಿಲ್ಲ. ಅಳು ಬರಲಿಲ್ಲ, ಏನೂ ಬರಲಿಲ್ಲ. ನೋಟುಬುಕ್ಕು ತೆಗೆದು 27ನ್ನು ಮೂರನೆಯ ಕಾಲಮಿಗೆ ದಾಟಿಸಿದೆ. 37, 16, 10.

ಸೋಮವಾರ ಹಿರಿಯ ವಕೀಲರಿಗೆ, ಅಲ್ಲಿ ಬಾವಿ ಇತ್ತು ಎಂದು ವರದಿಯ ತಿದ್ದುಪಡಿ ಪತ್ರ ಕೊಟ್ಟೆ. "ಸಾತ್‌ಬಾರಾದಾಗ ಇಲ್ಲದ್ದು ನಿನ್ನ ಹವ್ಯಾಸದಾಗ ಇದ್ರ ನಾ ಏನ್ ಮಾಡ್ಲಿ?" ಎಂದರು. ಕಡತ ಬೇರೆಯವರ ಮೇಜಿಗೆ ಹೋಯಿತು. ವೆಬ್‌ಸೈಟಿನಲ್ಲಿ ನನ್ನ ಹವ್ಯಾಸ ಈಗ ಚಾರಣ.

ಆಕೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟಿದ್ದಾರೆ. ವಿಚಾರಣೆ ಮಾರ್ಚ್ 18ಕ್ಕೆ. ಬಾವಿ ಇತ್ತು ಎನ್ನಲು ಅವರ ಬಳಿ ಒಂದು ಹಗ್ಗ ಇದೆ, ನನ್ನ ಬಳಿ ಒಂದು ಅಂಕಿ.

ಖರಾಡಿಯಿಂದ ನದಿಯ ಕಡೆ ಇಳಿಯುವ ಮಣ್ಣುದಾರಿ. ಎಡಕ್ಕೆ ಹುಣಸೆಮರ, ಅದರ ಹಿಂದೆ ಚೌಕಾಕಾರದ ಕಲ್ಲಿನ ಬಾವಿ, ಒಂದು ಮೂಲೆ ಕುಸಿದದ್ದು. ನೀವು ಅಲ್ಲಿ ಈಜಿದ್ದರೆ, ಅದರ ಕಟ್ಟೆಯ ಮೇಲೆ ಕೂತು ಫೋಟೊ ತೆಗೆಸಿಕೊಂಡಿದ್ದರೆ, ಹಳೆಯ ಖರೀದಿ ಪತ್ರದಲ್ಲೆಲ್ಲಾದರೂ ಅದರ ಮಾತು ಕಂಡಿದ್ದರೆ, ದಯವಿಟ್ಟು ಆ ತಾರೀಖಿನ ಮುಂಚೆ ಈ ಪತ್ರಿಕೆಗೆ ಬರೆದು ತಿಳಿಸಿ. ಯಾರ ಪಾಳಿ ಯಾವ ವಾರ ಎಂಬುದು ನೆನಪಿದ್ದರೆ ಅದನ್ನೂ ಬರೆಯಿರಿ.