ಪಂಚಮಿಯ ದಿನ ಕಿನಾಕೋ ಬಾಯಿ ಹಾಕಿದ್ದು

ಜಪಾನಿನ ವಾಕೋ ಎಂಬ ಊರಿನಲ್ಲಿ, ಆರನೇ ಮಹಡಿಯ ಮನೆಗೆ ಇಲಿ ಬಂತು ಎಂದರೆ ಯಾರಾದರೂ ನಂಬುತ್ತಾರೆಯೇ? ರತ್ನಾ ನಂಬಲೇಬೇಕಾಯಿತು. ಬಂದದ್ದು ಓಡಾಡುವ ಇಲಿಯಲ್ಲ. ಕೊರಿಯರ್‌ನವನು ಕೊಟ್ಟುಹೋದ ತಣ್ಣನೆಯ ಡಬ್ಬದಲ್ಲಿ, ಪ್ಲಾಸ್ಟಿಕ್ಕಿನೊಳಗೆ, ಸಾಲಾಗಿ ಮಲಗಿಸಿದ್ದ ಸತ್ತ ಬಿಳಿ ಇಲಿಗಳು, ಬಾಲ ಸಮೇತ! ಬೆಂಡೆಕಾಯಿ ಬಂದಿರಬೇಕೆಂದು ಡಬ್ಬ ಬಿಚ್ಚಿದವಳು ಕಿಟಾರನೆ ಕಿರುಚಿ ಸೋಫಾ ಹತ್ತಿ ನಿಂತುಬಿಟ್ಟಳು.

ರತ್ನಾ ಅರಸೀಕೆರೆಯವಳು. ಮೊಟ್ಟೆ ಹಾಕಿದ ಕೇಕನ್ನೂ ಮೂಸಿ ನೋಡಿ ಪಕ್ಕಕ್ಕಿಡುವ ಹೆಂಗಸು. ಜಪಾನಿಗೆ ಬಂದು ಇಷ್ಟು ವರ್ಷವಾದರೂ ಕೊಂಬಿನಿ ಎನ್ನುವ ಬೀದಿಬದಿಯ ಅಂಗಡಿಯಲ್ಲಿ ಒಂದು ಅನ್ನದುಂಡೆ ಕೊಳ್ಳಲು ಹೋದರೆ, ಒಳಗೆ ಮೀನಿದೆಯೇ ಎಂದು ಕೇಳಿ, ಸುಮಿಮಾಸೆನ್, ಕ್ಷಮಿಸಿ ಎಂದು ಹೇಳಿ, ಮತ್ತೆ ಕೇಳಿ ಅಂಗಡಿಯವನ ಪ್ರಾಣ ಹಿಂಡುತ್ತಾಳೆ. ಅಂಥವಳ ಫ್ರೀಜರಿನಲ್ಲಿ ತೆಂಗಿನತುರಿಯ ಪಕ್ಕ ಇಲಿಯಂತೆ! "ಇದೊಂದು ಇಲ್ಲಿಟ್ರೆ ನಾನು ಮನೇಲಿರಲ್ಲ ರೀ," ಎಂದು ಗಂಡ ವಿನಾಯಕನಿಗೆ ಫೋನಿನಲ್ಲೇ ರೇಗಿದಳು. ಶಿನಾಗಾವಾದ ಆಫೀಸಿನಿಂದ ಬರುವಾಗ ಅವನು ತೆಪ್ಪಗೆ ಒಂದು ಪುಟ್ಟ ಫ್ರೀಜರ್ ತಂದು ಮಗಳ ಕೋಣೆಯಲ್ಲಿಟ್ಟ. ಬೇರೆ ಗತಿಯಿರಲಿಲ್ಲ.

ಏಕೆಂದರೆ ಇದೆಲ್ಲ ಮಗಳಿಗಾಗಿ. ಹದಿನಾಲ್ಕರ ಲಾಸ್ಯಾ ಚಳಿಗಾಲದಲ್ಲಿ ಒಂದು ದಿನ ಹೊಟ್ಟೆನೋವೆಂದು ಶಾಲೆಗೆ ಹೋಗಲಿಲ್ಲ. ಮರುದಿನ ತಲೆನೋವು. ಆಮೇಲೆ ನೆಪವನ್ನೂ ಹೇಳಲಿಲ್ಲ, ಕೋಣೆಯ ಬಾಗಿಲು ಹಾಕಿಕೊಂಡಳು, ಅಷ್ಟೆ. ಶಾಲೆಯಲ್ಲಿ ಏನಾಯಿತು ಎಂದು ಯಾರು ಕೇಳಿದರೂ ಬಾಯಿ ಬಿಡಲಿಲ್ಲ. ರತ್ನಾ ಬಾಗಿಲಾಚೆ ನಿಂತು ಕನ್ನಡದಲ್ಲಿ ಅಂಗಲಾಚುವುದು, ಒಳಗಿನಿಂದ ಜಪಾನಿಯಲ್ಲಿ ಒಂದು ಮಾತಿನ ಉತ್ತರ ಬರುವುದು. ಮನೆಯ ಹೊಸ್ತಿಲನ್ನಂತೂ ಹುಡುಗಿ ದಾಟಲೇ ಇಲ್ಲ. ಶಾಲೆಯ ಸಲಹೆಗಾರ್ತಿ, ಯಾವುದಾದರೂ ಪ್ರಾಣಿ ಸಾಕಲು ಬಿಡಿ ಎಂದರು. ಗಿಣಿಯೋ ಬಂಗಾರದ ಮೀನೋ ಕೇಳುತ್ತಾಳೆಂದು ರತ್ನಾ ಎಣಿಸಿದ್ದಳು. ಮಗಳು ಕೇಳಿದ್ದು ಹಾವು!

ಬಂದದ್ದು ಆಫ್ರಿಕಾದ ಪುಟ್ಟ ಜಾತಿಯ ಹೆಬ್ಬಾವು. ವಿಷವಿಲ್ಲ. ಸೋಯಾ ಹುರಿದು ಮಾಡುವ ಹಿಟ್ಟಿನ ಬಣ್ಣವೆಂದು ಲಾಸ್ಯಾ ಆ ಹಿಟ್ಟಿನ ಹೆಸರನ್ನೇ ಇಟ್ಟಳು, ಕಿನಾಕೋ. ಹುರಿಹಿಟ್ಟಿನ ಹೆಸರು ಹಾವಿಗೆ, ಕೇಳಿದ್ದೀರಾ ಎಲ್ಲಾದರೂ? ರತ್ನಾ ಒಂದೇ ಷರತ್ತು ಹಾಕಿದಳು. "ನೋಡು ಲಾಸ್ಯಾ, ಯಾರಿಗಾದ್ರೂ ಒಂದೇ ಒಂದ್ಸಲ ಬಾಯಿ ಹಾಕಿದ್ರೂ ಅವತ್ತೇ ಅಂಗಡಿಗೆ ವಾಪಸ್." ಮಗಳು ಜಪಾನಿ ಮಕ್ಕಳಂತೆ ಕಿರುಬೆರಳಿಗೆ ಕಿರುಬೆರಳು ಹೆಣೆದು ಒಪ್ಪಿಕೊಂಡಳು.

ಸುಳ್ಳೇಕೆ ಹೇಳಬೇಕು, ಹಾವು ಬಂದ ಮೇಲೆ ಹುಡುಗಿ ಬೆಳಿಗ್ಗೆ ಏಳತೊಡಗಿದಳು. ಪರದೆ ಸರಿಯಿತು. ಹಾವಿಗೆ ಉಣಿಸುವ ದಿನವಂತೂ ಅವಳ ಬಾಯಿಗೆ ಬಿಡುವಿಲ್ಲ. ಇಲಿಯನ್ನು ಕರಗಿಸಿ, ಚೀಲದಲ್ಲಿ ಹಾಕಿ ಬಿಸಿನೀರಿನಲ್ಲಿಟ್ಟು, ಮೈ ಬೆಚ್ಚಗಾದ ಮೇಲೆ ಉದ್ದನೆಯ ಚಿಮಟದಲ್ಲಿ ಹಿಡಿದು ಗಾಜಿನ ಪೆಟ್ಟಿಗೆಯೊಳಗೆ ಮೆಲ್ಲನೆ ಅಲ್ಲಾಡಿಸುತ್ತಿದ್ದಳು. "ಜೀವ ಇರೋದು ಹಾಕಿದ್ರೆ ಇಲೀನೇ ಕಿನಾಕೋನ ಕಚ್ಚುತ್ತೆ ಅಮ್ಮ. ಇಲಿಗೂ ಪಾಪ, ಅಲ್ವಾ? ಇದಕ್ಕೆ ಕಣ್ಣು ಅಷ್ಟು ಕಾಣಲ್ಲ. ಲಿಪ್ಸ್ ಹತ್ರ ಹೋಲ್ಸ್ ಇದೆ ನೋಡು, ಅದ್ರಲ್ಲಿ ಹೀಟ್ ಗೊತ್ತಾಗುತ್ತೆ." ಕಿನಾಕೋ ಕತ್ತು ಮಡಚಿ ಒಂದು ಗಳಿಗೆ ಸುಮ್ಮನಿರುವುದು, ಆಮೇಲೆ ಇಲಿ ಚಿಮಟದಲ್ಲಿರುತ್ತಿರಲಿಲ್ಲ. ರತ್ನಾ ಬಾಗಿಲ ಬಳಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ನಿಂತು ಎಲ್ಲವನ್ನೂ ಕೇಳುತ್ತಿದ್ದಳು. ಅಲ್ಲಿಂದ ಕದಲುತ್ತಿರಲಿಲ್ಲ, ಮಗಳು ಮಾತಾಡುತ್ತಿದ್ದಳಲ್ಲ.

ಅಷ್ಟರಲ್ಲಿ ನಾಗರಪಂಚಮಿ ಬಂತು. ಚೌತಿ, ಪಂಚಮಿ ಎರಡು ದಿನ ಮನೆಯಲ್ಲಿ ಇಲಿಗಿಲಿ ಎನ್ನಕೂಡದು ಎಂದು ರತ್ನಾ ಕಟ್ಟಪ್ಪಣೆ ಮಾಡಿದಳು. ಕಿನಾಕೋಗೆ ಊಟದ ದಿನ ಮೀರಿಹೋಯಿತು. ಹಾಲೆರೆಯುತ್ತೇನೆ ಎಂದರೆ ಲಾಸ್ಯಾ, "ಹಾವು ಹಾಲು ಕುಡಿಯಲ್ಲ ಅಮ್ಮ, ಸಿಕ್ ಆಗುತ್ತೆ," ಎಂದು ಗದರಿದಳು. ಹೋಗಲಿ, ಅರಿಶಿನ ಕುಂಕುಮಕ್ಕೇನು? ಊರಿನಲ್ಲಿ ಜನ ಕಲ್ಲುನಾಗರ ಹುಡುಕಿಕೊಂಡು ಹೋಗುತ್ತಾರೆ, ಇಲ್ಲಿ ನಾಗಪ್ಪನೇ ಮನೆಯಲ್ಲಿ ಕೂತಿದ್ದಾನೆ, ಬರಿಗೈಯಲ್ಲಿ ಬಿಡುವುದೇ? ಪಂಚಮಿಯ ದಿನ ಮಧ್ಯಾಹ್ನ ಮಗಳು ಸ್ನಾನಕ್ಕೆ ಹೋದದ್ದೇ ತಡ, ರತ್ನಾ ತಟ್ಟೆ ಹಿಡಿದು ಕೋಣೆ ಹೊಕ್ಕಳು.

ಬೆಳಗಿನ ಪೂಜೆಗೇ ಹಬ್ಬ ಮುಗಿಯಿತೆಂದುಕೊಂಡು ಲಾಸ್ಯಾ ಮೂಲೆಯಲ್ಲಿ ಇಲಿಯನ್ನು ಕರಗಲಿಟ್ಟಿದ್ದಳು. ಕರ್ಪೂರದ ಘಮದಲ್ಲಿ ರತ್ನಾಳ ಮೂಗಿಗೆ ಅದು ಬಡಿಯಲಿಲ್ಲ. ಗಾಜಿನ ಮುಂದೆ ಆರತಿ ಎತ್ತಿದಳು. "ನಾಗಪ್ಪಾ, ನನ್ನ ಮಗಳು ಈ ಮನೆಯಿಂದ ಒಂದು ಹೆಜ್ಜೆ ಆಚೆ ಇಡೋ ಹಾಗೆ ಮಾಡಪ್ಪಾ," ಎಂದು ಬೇಡಿಕೊಂಡಳು. ಎರಡೂ ಅಂಗೈಯನ್ನು ಉರಿಯ ಮೇಲೆ ಚೆನ್ನಾಗಿ ಕಾಯಿಸಿ ಕಣ್ಣಿಗೊತ್ತಿಕೊಂಡಳು, ಮತ್ತೆ ಕಾಯಿಸಿ ಒತ್ತಿಕೊಂಡಳು. ಗಾಜು ಸರಿಸಿ, ಉಂಗುರದ ಬೆರಳಿನಲ್ಲಿ ಕುಂಕುಮ ತೆಗೆದುಕೊಂಡು ಕೈ ಒಳಗಿಟ್ಟಳು. ಕಿನಾಕೋ ತಲೆ ಎತ್ತಿ ಕತ್ತು ಮಡಚಿತು. ದೇವರು ಪೂಜೆ ಒಪ್ಪಿಕೊಂಡ ಎಂದುಕೊಂಡಳು, ಪಾಪ!

ಕಚ್ಚಿದ್ದು ಅವಳಿಗೆ ಕಾಣಲೇ ಇಲ್ಲ. ಕೈ ಕೊಡವಲು ಹೋದರೆ ಕೈಯಲ್ಲಿ ಹಾವು. ಹೆಬ್ಬೆರಳ ಬುಡವನ್ನು ಕಚ್ಚಿ ಹಿಡಿದು, ಮಣಿಕಟ್ಟಿಗೆ ಸುತ್ತಿಕೊಂಡು ಬಿಗಿಯುತ್ತಿತ್ತು. ತಟ್ಟೆ ಬಿತ್ತು, ದೀಪ ಆರಿತು, "ಅಯ್ಯಯ್ಯೋ ಸತ್ನಪ್ಪೋ!" ಎಂದು ಮನೆ ಹಾರಿಹೋಗುವಂತೆ ಕೂಗಿದಳು. ಒದ್ದೆ ತಲೆಯಲ್ಲೇ ಲಾಸ್ಯಾ ಓಡಿಬಂದಳು.

"ಎಳೀಬೇಡ ಅಮ್ಮ! ಹಲ್ಲು ಮುರಿಯುತ್ತೆ!"

"ನನ್ ಕೈ ಹೋಗ್ತಿದೆ ಕಣೇ, ನಿಂಗೆ ಅದರ ಹಲ್ಲಿನ ಚಿಂತೆ!"

ಲಾಸ್ಯಾ ಅವಳನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ತಣ್ಣೀರು ಬಿಟ್ಟಳು. ಕಿನಾಕೋ ಬಾಯಿ ಬಿಟ್ಟು ಸಡಿಲವಾಯಿತು. ಕೈ ತುಂಬ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆ. ಮಗಳು ಹಾವನ್ನು ಗಾಜಿನ ಪೆಟ್ಟಿಗೆಗೆ ಬಿಟ್ಟು ಬಂದು, ಗಾಯ ತೊಳೆದು, ಔಷಧಿ ಹಚ್ಚಿ, ಬ್ಯಾಂಡೇಜ್ ಸುತ್ತುವಾಗ ತಡೆದು, ಅಮ್ಮನ ಇನ್ನೊಂದು ಕೈ ಮುಟ್ಟಿ ನೋಡಿದಳು.

"ಈ ಕೈ ಯಾಕೆ ಇಷ್ಟು ಹಾಟ್?"

"ಮಂಗಳಾರತಿ ತಗೊಂಡೆ."

ಲಾಸ್ಯಾ ಹಣೆ ಚಚ್ಚಿಕೊಂಡಳು. "ರೂಮಲ್ಲಿ ಇಲಿ ಸ್ಮೆಲ್ ಇದೆ. ಅದಕ್ಕೆ ಹಸಿವು. ನಿನ್ ಕೈ ವಾರ್ಮ್. ಅಮ್ಮ, ಅದಕ್ಕೆ ಕೋಪ ಇಲ್ಲ. ಹೆದರಿದ್ರೆ ಕಚ್ಚಿ ಬಿಟ್ಬಿಡುತ್ತೆ. ಹಿಡ್ಕೊಂಡು ಸುತ್ತಿದ್ರೆ ಊಟ ಅಂತ."

ನಾಗಪ್ಪ ಮುನಿದ, ಮೊರೆಯನ್ನು ಒದ್ದ ಎಂದು ರತ್ನಾ ಇನ್ನೂ ಹೆದರಿಕೊಂಡೇ ಇದ್ದಳು. ಮುನಿಸಿಲ್ಲ, ಮಣ್ಣಿಲ್ಲ. ಹಸಿದವನನ್ನು ಎರಡು ದಿನ ಉಪವಾಸ ಕೆಡವಿ, ತನ್ನ ಕೈಯನ್ನೇ ಹದವಾಗಿ ಕಾಯಿಸಿ ನೈವೇದ್ಯಕ್ಕೆ ಇಟ್ಟಿದ್ದಳು!

ಅವಳು ಸಾವರಿಸಿಕೊಳ್ಳುವಷ್ಟರಲ್ಲಿ ಲಾಸ್ಯಾ ಕೋಣೆಯಿಂದ ಬಂದಳು. ಕೈಯಲ್ಲಿ ತೂತುಗಳಿರುವ ಪೆಟ್ಟಿಗೆ, ಒಳಗೆ ಕಿನಾಕೋ. ಬಾಗಿಲ ಬಳಿ ಕೂತು ಶೂ ಹಾಕಿಕೊಳ್ಳತೊಡಗಿದಳು. ಕಾಲು ಬೆಳೆದುಬಿಟ್ಟಿತ್ತು, ಹಿಮ್ಮಡಿ ಒಳಗೆ ಹೋಗಲಿಲ್ಲ. ತುಳಿದುಕೊಂಡೇ ಎದ್ದಳು.

"ಎಲ್ಲಿಗೇ?"

"ಶಾಪ್‌ಗೆ. ಪ್ರಾಮಿಸ್ ಮಾಡಿದ್ದೆನಲ್ಲ."

ಬಾಗಿಲು ತೆರೆದು ಹೊರಟೇಹೋದಳು. ರತ್ನಾ ದಂಗಾಗಿ ನಿಂತಳು. ಈ ಹೆಜ್ಜೆಗೆಂದು ಎಷ್ಟು ದೇವರಿಗೆ ಹರಕೆ ಹೊತ್ತಿದ್ದಳು! ಆದರೆ ಹುಡುಗಿಯ ಮುಖ ನೋಡಿದ್ದಳಲ್ಲ, ಚಳಿಗಾಲದಲ್ಲಿ ಬಾಗಿಲು ಹಾಕಿಕೊಂಡಾಗ ಇದ್ದ ಅದೇ ಮುಖ. ಖಾಲಿ ಪೆಟ್ಟಿಗೆ ಹಿಡಿದು ಮರಳಿದರೆ ಆ ಬಾಗಿಲು ಇನ್ನೆಂದೂ ತೆರೆಯುವುದಿಲ್ಲವೆಂದು ಅವಳ ಹೆತ್ತ ಕರುಳಿಗೆ ತಿಳಿಯಿತು. ಬರಿಗಾಲಲ್ಲಿ ಓಡಿದಳು. ಲಿಫ್ಟ್ ಮುಚ್ಚುತ್ತಿತ್ತು. ಬ್ಯಾಂಡೇಜಿನ ಕೈಯನ್ನೇ ನಡುವೆ ತೂರಿಸಿದಳು, ಬಾಗಿಲು ಬಡಿದು ತೆರೆದುಕೊಂಡಿತು.

"ಅಮ್ಮ! ಕೈ!"

"ಕೈ ಹಾಳಾಗಿ ಹೋಗ್ಲಿ. ವಾಪಸ್ ಬಾ. ತಪ್ಪು ನಂದು."

"ಮತ್ತೆ ಕಚ್ಚಿದ್ರೆ?"

"ಕಚ್ಚಲಿ ಬಿಡೇ! ಹಲ್ಲು ಬರೋವಾಗ ನೀನೆಷ್ಟು ಸಲ ಕಚ್ಚಿದೀಯ ಗೊತ್ತಾ, ರಕ್ತ ಬರೋ ಹಾಗೆ? ನಿನ್ನನ್ನ ಯಾವ ಅಂಗಡಿಗೆ ವಾಪಸ್ ಕೊಟ್ಟೆ ನಾನು?"

ಲಾಸ್ಯಾ ನಕ್ಕಳೋ ಬಿಕ್ಕಿದಳೋ ತಿಳಿಯಲಿಲ್ಲ. ಪೆಟ್ಟಿಗೆಯನ್ನು ಅವಚಿಕೊಂಡು ಲಿಫ್ಟಿನ ನೆಲದ ಮೇಲೆ ಕೂತು ಹೋ ಎಂದು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಮಾತು ತಡಕಾಡುತ್ತ, ಕನ್ನಡದಲ್ಲೇ ಹೇಳತೊಡಗಿದಳು. "ಅಮ್ಮ, ಅವತ್ತು ಸ್ಕೂಲಲ್ಲಿ ಏನಾಯ್ತು ಅಂದ್ರೆ..."

ರತ್ನಾ ಅವಳ ಪಕ್ಕದಲ್ಲಿ ಕೂತಳು.