ಕಿಟಕಿಗೆ ಅಡ್ಡ ನಿಂತಿದ್ದ ಬೀರು

ಮೊನ್ನೆ ಎದುರುಮನೆಯವರು ಗೋಡೆಗೆ ಬಳಿಯಲು ಸುಣ್ಣದ ಕಲ್ಲಿಗೆ ನೀರು ಹೊಯ್ದರು. ಆ ಬಿಸಿ ಸುಣ್ಣದ ವಾಸನೆ ಬೀದಿ ದಾಟಿ ನನ್ನ ಹೊಲಿಗೆ ಮಿಷನ್ನಿನವರೆಗೂ ಬಂತು. ಗೋವಿನಕೋವಿಯ ಗಾರೆ ಮೇಸ್ತ್ರಿ ನೆನಪಾದರು...

ಹತ್ತು ವರ್ಷದ ಹಿಂದಿನ ಮಾತು. ಹೊನ್ನಾಳಿಯ ನಮ್ಮ ಹೆಂಚಿನ ಮನೆಯ ನಡುಮನೆಯಲ್ಲಿ ಹಗಲು ಹನ್ನೆರಡಕ್ಕೂ ಲೈಟ್ ಉರಿಯಬೇಕಿತ್ತು. ಅಲ್ಲೇ ಕೂತು ಬ್ಲೌಸ್ ಹೊಲಿಯುತ್ತಿದ್ದೆ. ಕರೆಂಟ್ ಹೋದರೆ ಮುಗೀತು, ಕೈಕಟ್ಟಿ ಕೂರಬೇಕು. ಆ ವರ್ಷ ಕಣ್ಣೂ ಕೈಕೊಡತೊಡಗಿತು. ಕಪ್ಪಿನ ಮೇಲೆ ಕಪ್ಪು ದಾರ ಕಾಣುತ್ತಿರಲಿಲ್ಲ, ಕಪ್ಪು ಬಟ್ಟೆ ತಂದವರನ್ನು ಏನಾದರೊಂದು ನೆಪ ಹೇಳಿ ವಾಪಸ್ ಕಳಿಸುತ್ತಿದ್ದೆ. ಡಾಕ್ಟರು ಕನ್ನಡಕ ಬರೆದುಕೊಟ್ಟು, "ಬೆಳಕಲ್ಲಿ ಕೂತು ಹೊಲೀರಿ, ಇಲ್ಲಾಂದ್ರೆ ಹೊಲಿಗೆ ಬಿಡ್ರಿ" ಅಂದುಬಿಟ್ಟರು. ಬಿಡೋದಾ? ನನ್ನದು ಅಂತ ಇದ್ದದ್ದೇ ಅದೊಂದು! ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ.

ನಮ್ಮ ಯಜಮಾನರು ಈ ಮೇಸ್ತ್ರಿಯನ್ನು ಕರೆಸಿದರು. ಬಂದ ದಿನ ಕೈಯಲ್ಲಿ ಕರಣೆಯಿಲ್ಲ, ಗುದ್ದಲಿಯಿಲ್ಲ, ಒಂದು ಇದ್ದಿಲು ಚೂರು ಅಷ್ಟೆ. ಬೆಳಿಗ್ಗೆಯಿಂದ ಸಂಜೆತನಕ ನಡುಮನೆಯಲ್ಲೇ ಕೂತರು. ಹೆಂಚಿನ ಸಂದಿಯಿಂದ, ಬಾಗಿಲಿಂದ ಎಲ್ಲೆಲ್ಲಿ ಬಿಸಿಲು ಬೀಳುತ್ತದೋ ಅಲ್ಲೆಲ್ಲ ನೆಲದ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆದರು. ಮೂರು ಸಲ ಟೀ ಕುಡಿದರು. ನನಗೆ ತಡೆಯಲಾಗಲಿಲ್ಲ.

"ಗ್ವಾಡೆ ನೋಡ್ರಿ ಅಂದ್ರೆ ನೆಲದ ಮ್ಯಾಲೆ ರಂಗೋಲಿ ಹಾಕ್ತೀರಲ್ರೀ!"

"ಬಿಸಿಲು ಹೆಂಗೆ ಓಡಾಡತೈತೆ ಅಂತ ನೋಡದೆ ಗ್ವಾಡೆ ಮುಟ್ಟಬಾರದು ಅಕ್ಕಾರೆ" ಅಂದರು.

ಮಾರನೇ ದಿನ ಬಡಗಲ ಇಳಿಜಾರಿನ ನಾಲ್ಕು ಹೆಂಚು ತೆಗೆದು ಗಾಜಿನ ಹೆಂಚು ಕೂರಿಸಿದರು. ತೆಂಕಲ ಕಡೆ ಹಾಕಿದರೆ ಬೆಳಕಿನ ಜೊತೆ ಬೇಗೆಯೂ ಒಳಗೆ ಬರುತ್ತದಂತೆ. ಬಿಸಿಗಾಳಿ ಹೋಗಲು ಗೋಡೆಯ ನೆತ್ತಿಯಲ್ಲಿ ಎರಡು ಕಿಂಡಿ ಬಿಟ್ಟರು. ಆಮೇಲೆ ಎರಡು ದಿನ ಗೋಡೆಯ ಕಡುಹಸಿರು ಪೇಂಟ್ ಕೆರೆದು ಎರಡು ಸುತ್ತು ಸುಣ್ಣ ಹೊಡೆದರು. ಮಧ್ಯಾಹ್ನಕ್ಕೆ ಲೈಟ್ ಬೇಡವಾಯಿತು. ಆದರೆ ಮಿಷನ್ ಇದ್ದ ಮೂಲೆ ಇನ್ನೂ ಮಬ್ಬಾಗೇ ಇತ್ತು.

ಮೇಸ್ತ್ರಿ ನನ್ನ ಬೀರು ತೋರಿಸಿದರು. "ಇದರ ಹಿಂದೆ ದೊಡ್ಡ ಕಿಟಕಿ ಐತೆ. ಇದನ್ನ ಒಳಕೋಣೆಗೆ ಹಾಕ್ರಿ, ಸಾಕು."

ಅದು ಜಗಳೂರಿನ ನನ್ನ ತವರಿನವರು ಮದುವೆಯಲ್ಲಿ ಕೊಟ್ಟದ್ದು, ಆಳೆತ್ತರದ ಕನ್ನಡಿಯ ಬೀರು. ಬಂದವರ ಕಣ್ಣಿಗೆ ಮೊದಲು ಅದೇ ಬೀಳಲೆಂದು ನಾನೇ ನಿಂತು ಕಿಟಕಿಗೆ ಅಡ್ಡ ಇಡಿಸಿದ್ದೆ. ನಮ್ಮ ಕಡೆ ಬಹಳ ಮನೆಗಳಲ್ಲಿ ಇದೇ ಕಥೆ. ಕೋಣೆಗೆ ಹಾಕಿ ಅಂದಾಗ ನನ್ನ ತವರನ್ನೇ ಮೂಲೆಗೆ ತಳ್ಳು ಅಂದಂತಾಯಿತು, ಉರಿದುಹೋಯ್ತು.

"ಗ್ವಾಡೆ ಕೆಲಸಕ್ಕೆ ಕರೆಸಿರೋದು ನಿಮ್ಮನ್ನ. ನನ್ನ ಬೀರಿನ ಸುದ್ದಿಗೆ ಬರಬ್ಯಾಡ್ರಿ!"

ಅವರು ಸಿಟ್ಟಾಗಲಿಲ್ಲ. ಕರಣೆ ತೊಳೆದುಕೊಂಡು, "ನನ್ನ ಕೈಲಿ ಆಗೋದು ಮುಗೀತು ಅಕ್ಕಾರೆ. ಕಣ್ಣು ನಿಮ್ಮವು" ಅಂದು ಹೊರಟರು. ಹೋಗುವವರಿಗೆ ಒಂದು ಲೋಟ ಟೀ ಸಹ ಕೊಡಲಿಲ್ಲ ನಾನು.

ಮರುದಿನ ಬೆಳಿಗ್ಗೆ ಕಿಟಕಿ ಬಾಗಿಲ ಸಂದಿಯಿಂದ ಬೀರಿನ ಎರಡೂ ಅಂಚಿನಲ್ಲಿ ಗೆರೆಯಷ್ಟು ಬಿಸಿಲು ಇಣುಕುತ್ತಿತ್ತು. ಸೊಕ್ಕು ಎಷ್ಟು ಹೊತ್ತು ನಿಲ್ಲುತ್ತೆ? "ಹಿಡೀರಿ ಆ ಕಡೆ" ಅಂತ ಯಜಮಾನರನ್ನು ಕರೆದೆ. ಇಬ್ಬರೂ ಸೇರಿ ಬೀರನ್ನು ಕೋಣೆಗೆ ಎಳೆದು, ಎಷ್ಟೋ ವರ್ಷದಿಂದ ಮುಚ್ಚಿದ್ದ ಕಿಟಕಿ ತೆಗೆದೆವು. ಬೆಳಕು ನೇರ ಮಿಷನ್ನಿನ ಮೇಲೆ ಬಿತ್ತು. ಹೊಲಿಯಲಾಗದೆ ಮೂಲೆಯಲ್ಲಿಟ್ಟಿದ್ದ ನನ್ನದೇ ಕಪ್ಪು ಬಟ್ಟೆ ತೆಗೆದು ಹೊಲಿದೆ. ಒಂದೊಂದು ಹೊಲಿಗೆಯೂ ಕಂಡಿತು. ಅಯ್ಯೋ, ಎಂಥ ಹುಚ್ಚಿ ನಾನು! ನಗುವೂ ಬಂತು, ಅಳುವೂ ಬಂತು.

ಮೇಸ್ತ್ರಿಗೆ ಒಂದು ಫೋನ್ ಮಾಡಿ ಹೇಳಬೇಕಿತ್ತು. ಯಾವ ಮುಖ ಇಟ್ಟುಕೊಂಡು? ನಾಳೆ ಹೇಳಿದರಾಯ್ತು, ನಾಡಿದ್ದು ಹೇಳಿದರಾಯ್ತು... ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಕಂಡರು. ನಾನು ಸೆರಗು ಎಳೆದುಕೊಂಡು ಜನದ ಮರೆಗೆ ಸರಿದುಬಿಟ್ಟೆ.

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಗೋವಿನಕೋವಿಗೆ ಹೋದೆ. ಹೊನ್ನಾಳಿಯವಳು ಅಂದಕೂಡಲೇ ಅವರ ಹೆಂಡತಿ, "ಅಲ್ಲೊಬ್ಬಾಕೆ ಹೊಲಿಗೆಯಾಕೆ ಅದಾಳಂತೆ, ಗೊತ್ತೇನ್ರಿ? ಬೀರು ಸರಿಸಾಕೆ ಒಪ್ಪಲಿಲ್ಲ, ಪಾಪ ಕಣ್ಣು ಏನಾದವೋ ಅಂತ ಆಗಾಗ ಅನ್ನೋರು" ಅಂದರು.

"ಆಕೆ ನಾನೇ ರೀ" ಅಂದೆ.

ಈಗ ಬೆಳಿಗ್ಗೆಯಿಂದ ಸಂಜೆ ಐದರತನಕ ಸ್ವಿಚ್ ಮುಟ್ಟದೆ ಹೊಲಿಯುತ್ತೇನೆ. ಬಟ್ಟೆ ಕೊಡಲು ಬಂದವರನ್ನೆಲ್ಲ ನಿಮ್ಮ ಬೀರು ಎಲ್ಲೈತೆ ಅಂತ ಕೇಳಿ ಪೀಡಿಸುತ್ತೇನೆ. ಚನ್ನಗಿರಿಯ ನಾದಿನಿ ಹೋದ ತಿಂಗಳು ಬೈದುಕೊಂಡೇ ತನ್ನದನ್ನು ಸರಿಸಿದಳು, ಈಗ ಅವಳ ಮಗಳು ಕಿಟಕಿ ಹತ್ತಿರವೇ ಓದುತ್ತಾಳಂತೆ. ಹೇಳಬೇಕಾದವರಿಗೆ ಮಾತ್ರ ಹೇಳಲಿಲ್ಲ. ಈಗಲಾದರೂ ಹೇಳಿಬಿಡುತ್ತೇನೆ... ಸರಿಸಿದೆ ರೀ ಮೇಸ್ತ್ರಿ. ನೀವು ಕೆಲಸ ಮುಗಿಸಿ ಹೋದ ಮರುದಿನ ಬೆಳಿಗ್ಗೇನೇ ಸರಿಸಿದೆ. ಕಣ್ಣು ಚೆನ್ನಾಗಿ ಅದಾವೆ.